ಗಾವಡಗೆರೆಯ ಇಬ್ಬರು ಹೊಸಬರು

ಬೆಳಿಗ್ಗೆ ಪಕ್ಕದ ಮನೆಯಿಂದ ರಾಗಿಹಿಟ್ಟು ಬೇಯುವ ವಾಸನೆ ಬಂತು. ಈಗ ಅದು ನನಗೆ ಹಸಿವು ಕೆರಳಿಸುವ ವಾಸನೆ. ಒಂದು ಕಾಲಕ್ಕೆ ಅದು ಮೂಗಿಗೆ ಬಡಿದರೆ ಸಾಕು, ಊಟವೇ ಬೇಡವಾಗುತ್ತಿತ್ತು ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ.

ನಾನು ಕೃಷ್ಣರಾಜನಗರದ ಕಡೆಯವಳು. ನಾಲೆಯ ನೀರು, ಗದ್ದೆ, ಎರಡು ಹೊತ್ತೂ ಅನ್ನ. ಐವತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಬಂದದ್ದು ಗಾವಡಗೆರೆಗೆ, ಹೊಲದ ಸೀಮೆಗೆ, ರಾಗಿಮುದ್ದೆಯ ಊರಿಗೆ. ಬಂದು ಮೂರು ತಿಂಗಳೂ ಆಗಿರಲಿಲ್ಲ, ಮಾವನವರು ಹುಣಸೂರಿನ ಸರ್ಕಾರಿ ಕಚೇರಿಯಿಂದ ಒಂದು ಸುದ್ದಿ ತಂದರು. ಡೆನ್ಮಾರ್ಕ್ ದೇಶದ ಹುಡುಗಿಯೊಬ್ಬಳು ನಮ್ಮ ಕಡೆಯ ಬೇಸಾಯ, ಮನೆವಾರ್ತೆ ಎಲ್ಲ ಓದಿ ತಿಳಿಯಲು ಬರುತ್ತಾಳಂತೆ, ಆರು ತಿಂಗಳು ನಮ್ಮ ಮನೆಯಲ್ಲೇ ಇರುತ್ತಾಳಂತೆ. "ಸೊಸೆ ಎಸ್ಸೆಸ್ಸೆಲ್ಸಿ ಓದವ್ಳೆ, ಇಂಗ್ಲೀಸು ಬತ್ತದೆ ಅಂತ ಒಪ್ಕಂಡ್ಬುಟ್ಟೆ" ಅಂದರು. ನನ್ನ ಇಂಗ್ಲಿಷೋ, ಪರೀಕ್ಷೆಯ ಕಾಗದ ಬಿಟ್ಟು ಆಚೆಗೆ ಎಂದೂ ಕಾಲಿಟ್ಟಿರಲಿಲ್ಲ.

ಅವಳ ಹೆಸರು ಕಾರೆನ್. ಅತ್ತೆಯ ಬಾಯಲ್ಲಿ ಮೊದಲ ದಿನವೇ ಕಾರವ್ವ ಆದಳು. ಖಾರ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ಮುದ್ದೆಯನ್ನು ಅಗಿದು ಅಗಿದು ಹಲ್ಲಿಗೆ ಮೆತ್ತಿಕೊಂಡು ಕಣ್ಣು ಕಣ್ಣು ಬಿಡುತ್ತಿದ್ದಳು. "ಅಗೀಬ್ಯಾಡ ಕಣವ್ವ, ನುಂಗು" ಎಂದು ಅತ್ತೆ ತಾವೇ ನುಂಗಿ ತೋರಿಸಿದರು. ಆಗಲಿಲ್ಲ. ಮರುದಿನದಿಂದ ಅವಳಿಗೆ ಬೇರೆ ಪಾತ್ರೆಯಲ್ಲಿ ಅನ್ನ, ಖಾರವಿಲ್ಲದ ಸಾರು. ನಾನೇ ಬಸಿದು, ನಾನೇ ಬಡಿಸಿ, ಆಮೇಲೆ ನನ್ನ ಮುದ್ದೆಯ ಮುಂದೆ ಕೂರುತ್ತಿದ್ದೆ. ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ, ಒಂದು ದಿನ ಅವಳ ಸಾರಿಗೆ ಬೇಕೆಂದೇ ಉಪ್ಪು ಹಾಕಲಿಲ್ಲ. ಅವಳು ಅದನ್ನೂ ಚೆನ್ನಾಗಿದೆ ಅಂದಳು. ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಜಗಲಿಯ ಮೇಲೆ ಕುರ್ಚಿ ಹಾಕಿ ಅವಳನ್ನು ಕೂರಿಸಿದ್ದರು. ಪೊರಕೆ ಮುಟ್ಟಿದರೆ ಕಸಿದುಕೊಳ್ಳುವರು, ನೀರು ಸೇದಲು ಹೋದರೆ ಹಗ್ಗ ಕಸಿದುಕೊಳ್ಳುವರು. ಊರ ಹೆಂಗಸರು ಸಾಲಾಗಿ ಬಂದು ಅವಳ ಕೂದಲು ನೋಡಿಕೊಂಡು ಹೋಗುವರು.

ಮೂರನೆಯ ವಾರ ಒಂದು ಬೆಳಿಗ್ಗೆ ಅವಳು ಕೊಟ್ಟಿಗೆಯಲ್ಲಿ ಹಸುವಿನ ಕೊರಳು ತಬ್ಬಿ ಅಳುತ್ತಿದ್ದಳು. ಅತ್ತೆ ಗಾಬರಿಯಾಗಿ ನನ್ನನ್ನು ಕೂಗಿದರು. "ಏನಂತೆ, ಕೇಳು."

ಕೇಳಿದೆ. ಕಲಿಯಲು ಬಂದವಳು ಬರೀ ಕೂತಿದ್ದೇನೆ, ಸೋಮವಾರ ಹೊರಟುಹೋಗುತ್ತೇನೆ ಅಂದಳು. ಇನ್ನೊಂದು ಮಾತೂ ಅಂದಳು. ಅದನ್ನು ಅತ್ತೆಗೆ ಹೇಳಹೊರಟೆ: "ಈ ಮನೇಲಿ ನನ್ನೋರು ಅಂತ ಯಾರೂ ಇಲ್ಲ ಅಂತಾಳೆ ಅತ್ತೆ..." ಅಷ್ಟರಲ್ಲಿ ನನ್ನ ದನಿಯೇ ಒಡೆಯಿತು. ಕಾರೆನ್ ಅಳು ನಿಲ್ಲಿಸಿದಳು, ನಾನು ನಿಲ್ಲಿಸಲಿಲ್ಲ.

"ಅವ್ಳು ಅಳೋದೇನೋ ಸರಿ. ನೀನ್ಯಾಕವ್ವ?"

"ಏನಿಲ್ಲ ಅತ್ತೆ."

"ಏನಿಲ್ದೆ ಯಾರಾದ್ರೂ ಅತ್ತಾರ? ಅದೇನಂತ ಏಳು."

ಹೇಳಲು ಎಷ್ಟೊಂದಿತ್ತು! ಬಾಯಿಗೆ ಬಂದದ್ದು ಇಷ್ಟೇ: "ನಂಗೂ ಮುದ್ದೆ ಇಳಿಯಾಕಿಲ್ಲ ಅತ್ತೆ."

ಅತ್ತೆ ಅಲ್ಲೇ ದನ ನೀರು ಕುಡಿಯುವ ಬಾನಿಯ ಅಂಚಿನ ಮೇಲೆ ಕೂತರು. "ಮದ್ವೆಯಾಗಿ ರಾವಂದೂರಿಂದ ಗಾಡೀಲಿ ಬಂದಾಗ ನಂಗೆ ಅದ್ನಾಕು ವರ್ಸ. ನಿಂಗೇನ್ ಬೇಕು ಅಂತ ಒಬ್ರೂ ಕೇಳ್ನಿಲ್ಲ ಕಣವ್ವ. ನೋಡು, ನಾನೂ ನಿನ್ನ ಕೇಳ್ನಿಲ್ಲ."

ಎದ್ದು, ಹಾಲು ಕರೆಯುವ ಚೆಂಬನ್ನು ಕಾರೆನ್ ಕೈಗೆ ಕೊಟ್ಟರು. ಅವಳ ತೌರಿನಲ್ಲೂ ಹಸುಗಳಿದ್ದವು. ಎರಡೂ ಕೈಯಲ್ಲಿ ನೊರೆಗಟ್ಟುವಂತೆ ಕರೆದಳು. "ಅಯ್ ಇವ್ಳ! ನನ್ಗಿಂತ ಬಿರ್ರನೆ ಕರೀತಾಳಲ್ಲ!" ಎಂದು ಅತ್ತೆ ಬೀದಿಗೆ ಕೇಳುವಂತೆ ಕೂಗಿದರು. ಅಂದು ಮಧ್ಯಾಹ್ನ ನನ್ನ ತಟ್ಟೆಯಲ್ಲಿ ಅರ್ಧ ಮುದ್ದೆಯ ಪಕ್ಕ ಒಂದು ಹಿಡಿ ಅನ್ನ ಬಿತ್ತು.

ಸೋಮವಾರ ಬಂದು ಹೋಯಿತು, ಕಾರೆನ್ ಹೋಗಲಿಲ್ಲ. ಕಳೆ ಕಿತ್ತಳು, ಬೆಣ್ಣೆ ಕಡೆದಳು, ನನಗಿಂತ ಮೊದಲು ಮುದ್ದೆ ನುಂಗಲು ಕಲಿತಳು. ಸಂಜೆ ಅವಳು ಟಿಪ್ಪಣಿ ಬರೆಯುವಾಗ ನಾನು ಪಕ್ಕದಲ್ಲಿ ಕೂತು ಅವಳ ಪುಸ್ತಕಗಳನ್ನು ತಿರುವಿಹಾಕುತ್ತಿದ್ದೆ. ಅತ್ತೆ ಅದನ್ನು ನೋಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ.

ಆರು ತಿಂಗಳು ತುಂಬಿ ಅವಳನ್ನು ಕರೆದೊಯ್ಯಲು ಬಂದ ಜೀಪಿನ ಧೂಳು ಅಡಗಿದ ಮೇಲೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಅತ್ತೆ ನನ್ನತ್ತ ತಿರುಗಿದರು. "ಮೇಷ್ಟ್ರ ಟ್ರೈನಿಂಗಿಗೆ ಅರ್ಜಿ ಆಕು. ಅವ್ಳು ಅಸ್ಟು ದೂರದಿಂದ ಬಂದು ಓದ್ಕಂಡೋದ್ಲು, ನಿಂಗೆ ಮೈಸೂರು ದೂರ್ವಾ?"

ಮುಂದಿನ ಜೂನಿಗೆ ನಾನು ಮೈಸೂರಿನಲ್ಲಿ ಗುರುತಿನವರ ಮನೆಯಲ್ಲಿದ್ದುಕೊಂಡು ತರಬೇತಿಗೆ ಸೇರಿದೆ. ನಿವೃತ್ತಿಯವರೆಗೂ ಮಕ್ಕಳಿಗೆ ಪಾಠ ಹೇಳಿದೆ. ಇದನ್ನೆಲ್ಲ ಇಷ್ಟು ವರ್ಷ ಕಾರೆನ್‌ಳ ಕತೆ ಎಂದೇ ಹೇಳಿಕೊಂಡು ಬಂದವಳು, ಇಂದು ಬರೆಯುತ್ತಾ ಬರೆಯುತ್ತಾ ಅತ್ತೆಯ ಕತೆ ಹೇಳಿ ಮುಗಿಸುತ್ತಿದ್ದೇನೆ. ಮೈಸೂರು ದೂರವೇ ಎಂದು ಕೇಳಿದಾಗ ಅವರು ಮೈಸೂರನ್ನು ಒಮ್ಮೆಯೂ ನೋಡಿರಲಿಲ್ಲ.