ಮಲ್ಲಕ್ಕನ ಅಡಕಲು

ತುರುವನೂರಿನಲ್ಲಿ ರೇವಣಸಿದ್ದಪ್ಪ ಹೂಡಿದ ಹೊಸ ಮನೆಗೆ ಮೊದಲು ಬಂದ ದೊಡ್ಡ ಮನುಷ್ಯ ಊರಿನ ಹಿರಿಯ ಮುರುಗೇಶಪ್ಪ. ಒಂದು ಗುಟುಕು ಚಹಾ ಕುಡಿದು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಸಕ್ಕರೆಯ ಗಂಟೆಂದು ಬಿಚ್ಚಿ ರೇವಣಸಿದ್ದಪ್ಪ ಹಾಕಿದ್ದು ಬಟ್ಟೆ ಒಗೆಯುವ ಸೋಡಾ. ಬೈಯಲಿಲ್ಲ, ಒಳಗೆಲ್ಲ ಮಡಿಯಾಯಿತು ಎಂದಷ್ಟೇ ಹೇಳಿ ಎದ್ದರು.

ತಪ್ಪು ಗಂಟಿನದು. ಗಂಟು ಕಟ್ಟಿದವಳು ಅವನ ಅತ್ತೆ ಮಲ್ಲಕ್ಕ. ಬಾಗೂರಿನ ಅವಳ ನಡುಮನೆಯ ಗೋಡೆಗುಂಟ ಗಡಿಗೆಯ ಮೇಲೆ ಗಡಿಗೆ ಪೇರಿಸಿದ ಅಡಕಲುಗಳು ನಿಂತಿದ್ದವು. ಗಡಿಗೆಯೊಳಗೆ ಕುಡಿಕೆ, ಕುಡಿಕೆಯೊಳಗೆ ಗಂಟು. ಎಲ್ಲವೂ ಒಂದೇ ಹಳೇ ಸೀರೆಯ ಚೂರು. ಗಂಟಿಗೆ ಬೇರೆ ಹೆಸರಿಲ್ಲ. ಇರುವ ಜಾಗವೇ ಹೆಸರು. ಕುರಿಗೆ ಹೊಟ್ಟೆ ಉಬ್ಬರಿಸಿದರೆ ಮಲ್ಲಕ್ಕ ರೊಪ್ಪದಿಂದಲೇ ಕೂಗುವಳು: "ಬಾಗ್ಲು ಮಗ್ಗುಲ ಅಡಕಲು, ನಡುವಿನ ಗಡಿಗೆ, ಕರೇ ಕುಡಿಕೆ." ಹೋದವರ ಕೈಗೆ ಓಂಕಾಳು ಸಿಗುತ್ತಿತ್ತು. ಮನೆಯಳಿಯನಾಗಿ ಅಲ್ಲೇ ಇದ್ದ ರೇವಣಸಿದ್ದಪ್ಪ ಆ ಕೂಗು ತಪ್ಪಿದ್ದನ್ನು ಕಂಡವನಲ್ಲ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅವನು ಹೆಂಡತಿ ಓಬಕ್ಕನೊಡನೆ ತುರುವನೂರಿನ ತನ್ನ ಪಾಲಿನ ಹೊಲಕ್ಕೆ ಹೊರಟಾಗ, ಮಲ್ಲಕ್ಕ ಪ್ರತಿ ಗಂಟಿನಿಂದಲೂ ಅರ್ಧ ತೆಗೆದು ಬೇರೆ ಗಂಟು ಕಟ್ಟಿ, ಅಂಥದೇ ಗಡಿಗೆಗಳಲ್ಲಿ ಅದೇ ಕ್ರಮದಲ್ಲಿಟ್ಟು ಗಾಡಿಗೇರಿಸಿದ್ದಳು. ಭಾರಕ್ಕೆ ಗಡಿಗೆ ಒಡೆದಾವೆಂದು ಜಾಣ ಅಳಿಯ ದಾರಿಯಲ್ಲಿ ಗಂಟುಗಳನ್ನೆಲ್ಲ ಒಂದೇ ಚೀಲಕ್ಕೆ ಸುರಿದ. ಗಡಿಗೆಗಳು ಒಡೆಯದೆ ತಲುಪಿದವು, ಖಾಲಿಯಾಗಿ.

ಚಹಾದಲ್ಲಿ ಹೋದ ಮಾನ ಚಿಕ್ಕದು. ಚೀಲದಲ್ಲಿ ಈರುಳ್ಳಿ ಬೀಜದ ಗಂಟುಗಳು ಎರಡಿದ್ದವು: ಒಂದು ಈ ವರ್ಷದ್ದು, ಇನ್ನೊಂದು ಯಾವ ಕಾಲದ್ದೋ. ಮಲ್ಲಕ್ಕ ಏನನ್ನೂ ಬಿಸಾಡುವವಳಲ್ಲ. ಎರಡೂ ಅಷ್ಟೇ ಕಪ್ಪು; ಹಳೆಯದು ಮಾತ್ರ ಮೊಳೆಯುವುದಿಲ್ಲ. ಮಳೆ ಬಿದ್ದಿತ್ತು. ಹಸಿ ಆರುವುದರೊಳಗೆ ಬಿತ್ತಬೇಕು, ಬೀಜ ಕೈಕೊಟ್ಟರೆ ಹೊಸ ಸಂಸಾರದ ಮೊದಲ ಬೆಳೆಯೇ ಹೋದಂತೆ. ಗಂಟು ಬಿಚ್ಚಿದಷ್ಟೂ ಓಬಕ್ಕನ ಮುಖ ಗಂಟಾಯಿತು. ಕೊನೆಗೆ ತಾಯಿಗೆ ಹೇಳಿ ಕಳಿಸಿದಳು.

ಮಲ್ಲಕ್ಕ ಹೊಳಲ್ಕೆರೆ, ದುರ್ಗ ಎರಡೂ ಕಡೆ ಬಸ್ಸು ಬದಲಿಸಿ ಬಂದಳು. ನೀರೂ ಕುಡಿಯದೆ ಕೂತು ಒಂದೊಂದೇ ಗಂಟನ್ನು ಮೂಸಿದಳು, ಹಿಸುಕಿದಳು, ಗಡಿಗೆಗಿಳಿಸಿದಳು. ಗಡಿಗೆಯ ಮೇಲೆ ಗಡಿಗೆ ಏರಿತು. ರೇವಣಸಿದ್ದಪ್ಪ ನೋಡುತ್ತ ನಿಂತ. ಬಾಗೂರಿನ ನಡುಮನೆಯೇ ಎದ್ದು ಬಂದು ತುರುವನೂರಿನ ಗೋಡೆಗೆ ಒರಗಿ ನಿಂತ ಹಾಗಿತ್ತು. ಕಣ್ಣು ಮುಚ್ಚಿ ಕೈ ಹಾಕಿದ. ಕರೇ ಕುಡಿಕೆಯಲ್ಲಿ ಓಂಕಾಳೇ ಇತ್ತು.

ಮಲ್ಲಕ್ಕ ಅತ್ತ ತಿರುಗಿ ಸ್ವಲ್ಪ ಹೊತ್ತು ತಡಕಾಡಿ, ಬೀಜದ ಗಂಟೊಂದನ್ನು ಅವನ ಕೈಗಿಟ್ಟಳು. "ಇದನ್ನ ಬಿತ್ತಪ್ಪ."

ಬಿತ್ತಿದ. ಹೊಲವೆಲ್ಲ ಹಸಿರು ಸೂಜಿ ನೆಟ್ಟಂತೆ ಮೊಳೆತು ನಿಂತಿತು. ಊರವರು ಅಡಕಲು ನೋಡಲು ಬಂದರು. ಮುರುಗೇಶಪ್ಪನವರು ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದರು. ಅವರೆಲ್ಲರ ಮುಂದೆ, ದೇವರನ್ನು ಕೇಳುವ ದನಿಯಲ್ಲಿ, ಅಳಿಯ ಕೇಳಿದ:

"ಅತ್ತೆ, ಎರಡೂ ಒಂದೇ ಥರ ಇದ್ವು. ಹೊಸ ಬೀಜ ಯಾವ್ದು ಅಂತ ನಿಮಗೆ ಹೆಂಗೆ ಗೊತ್ತಾತು?"

ಮಲ್ಲಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

"ನಂಗೆಲ್ಲಿ ಗೊತ್ತಾಗ್ತೈತಪ್ಪ. ನನ್ನ ಪಾಲಿನ ಹೊಸ ಬೀಜ ಬಾಗೂರಲ್ಲೇ ಇತ್ತಲ್ಲ, ಬರ್ತಾ ಅದನ್ನೇ ತಂದಿದ್ದೆ. ನಿಮ್ಮವೆರಡೂ ಅಲ್ಲೇ ಅವೆ ನೋಡು, ಯಾವ್ದು ಯಾವ್ದೋ."