ರಾಜಮಾತೆಯ ಪಾರ್ಟು

ಅಗರದ ಗುರುಬಸಮ್ಮನ ಓದು ಏಳನೇ ತರಗತಿಗೇ ನಿಂತರೂ ದುಂಡನೆಯ ಅಕ್ಷರ ಕೈಯಲ್ಲಿ ಉಳಿದಿತ್ತು. ಊರಲ್ಲಿ ನಾಟಕ ಕಲಿಯುವ ವರ್ಷ, ಯಳಂದೂರಿನ ಶಿವರುದ್ರಸ್ವಾಮಿ ಮೇಷ್ಟ್ರು ತಮ್ಮಲ್ಲಿದ್ದ ಒಂದೇ ಒಂದು ಕೈಬರಹದ ಪುಸ್ತಕವನ್ನು ಅವಳಿಗೆ ಕಳಿಸುತ್ತಿದ್ದರು. ಅದನ್ನು ನೋಡಿಕೊಂಡು ಒಬ್ಬೊಬ್ಬ ಪಾತ್ರಧಾರಿಗೂ ಅವನ ಮಾತನ್ನಷ್ಟೇ ಬೇರೆ ಹಾಳೆಯಲ್ಲಿ ಬರೆದುಕೊಡಬೇಕು. ಒಂದಕ್ಷರ ಕೂಡಿಸಿದವಳಲ್ಲ, ಒಂದಕ್ಷರ ಕಳೆದವಳಲ್ಲ. ಆ ನಂಬಿಕೆಯಿಂದಲೇ ಪುಸ್ತಕ ಬೇರೆ ಯಾರ ಮನೆಗೂ ಹೋಗುತ್ತಿರಲಿಲ್ಲ.

ಅರವತ್ತಮೂರನೇ ಇಸವಿಯಲ್ಲಿ ಬಂದ ಪುಸ್ತಕದ ಒಂದು ಪುಟವನ್ನು ಗೆದ್ದಲು ತಿಂದಿತ್ತು. ಗುರುಬಸಮ್ಮ ಅಷ್ಟೇ ಜಾಗವನ್ನು ಖಾಲಿ ಬಿಟ್ಟು ಪಾರ್ಟು ಬರೆದುಕೊಟ್ಟಳು. ಮರುದಿನವೇ ಮಾದಸ್ವಾಮಿ ಹಾಳೆ ಹಿಡಿದು ಬಂದ. ರಾಜಮಾತೆಯ ಪಾತ್ರ ಅವನದು.

"ಅಕ್ಕಾ, ಮಗ ಯುದ್ಧಕ್ಕೆ ಓಯ್ತಾವ್ನೆ. ತಾಯಿ ಕಂಬದಂಗೆ ನಿಂತ್ಕಳದಾ?"

"ಗೆದ್ದಲು ತಿಂದದೆ ಕಣ್ಲಾ."

"ಅಂಗಾರೆ ಗೆದ್ದಲಿಗೂ ಒಂದು ಪಾರ್ಟು ಬರ್ಕೊಡಿ. ಎಲ್ಡು ಮಾತು ನೀವೇ ಆಕ್ಬುಡಿ ಅತ್ಲಾಗೆ."

"ನಾನು ನೋಡ್ಕಂಡು ಬರೆಯೋಳಪ್ಪ."

ಅವನು ಹಾಳೆಯನ್ನು ಜಗಲಿಯ ಮೇಲಿಟ್ಟು ಹೋದ. ಎರಡು ದಿನ ಅದು ಹಾಗೆಯೇ ಇತ್ತು. ಮೂರನೆಯ ಬೆಳಿಗ್ಗೆ ಗಂಡ ಪುಟ್ಟಬಸಪ್ಪ ಹಸಿದ ಹೊಟ್ಟೆಯಲ್ಲೇ ಗದ್ದೆಗೆ ಹೊರಟ.

"ಉಂಡ್ಕಂಡೋಗಿ. ಗದ್ದೆ ಎಲ್ಲಿಗೂ ಓಡೋಗಕ್ಕಿಲ್ಲ, ಮುದ್ದೆ ಆರೋಯ್ತದೆ" ಎಂದಳು. ಅವನು ಉಂಡು ಹೋದ ಮೇಲೆ ಕೈ ಒರೆಸಿಕೊಂಡು ಹಾಳೆ ಎಳೆದುಕೊಂಡಳು.

ಭಾನುವಾರ ಮಧ್ಯಾಹ್ನ ಎದುರು ಜಗಲಿಯಲ್ಲಿ ಮೇಷ್ಟ್ರ ಮುಂದೆ ತಾಲೀಮು. ಗುರುಬಸಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. ಮಾದಸ್ವಾಮಿ ಸೆರಗಿಗೆಂದು ಹೊದ್ದ ಟವಲು ಸರಿಮಾಡಿಕೊಂಡು ಹೇಳಿದ: "ಉಂಡು ಹೋಗು, ಮಗನೇ. ಯುದ್ಧ ಕಾಯುತ್ತದೆ. ತಾಯಿಯ ಬಿಸಿ ಅನ್ನ ಕಾಯುವುದಿಲ್ಲ."

ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. "ಈ ಮಾತು ನನ್ನ ಪುಸ್ತಕದಲ್ಲಿಲ್ಲವಲ್ಲ."

ಮಾದಸ್ವಾಮಿ ಅವಳ ಬಾಗಿಲ ಕಡೆ ನೋಡಿದ. ಇನ್ನು ಪುಸ್ತಕ ಈ ಮನೆಗೆ ಬರುವುದಿಲ್ಲವೆಂದುಕೊಂಡೇ ಅವಳು ಹೊರಗೆ ಬಂದಳು.

"ತಪ್ಪಾಯ್ತು ಬುದ್ಧಿ. ಆ ಮಾತ್ನ ಗೀಟಾಕಿ ಒಡೆದಾಕ್ಬುಡ್ತೀನಿ."

ಮೇಷ್ಟ್ರು ಮಾದಸ್ವಾಮಿಯ ಕೈಯಿಂದ ಹಾಳೆ ತೆಗೆದುಕೊಂಡು ತಾವೇ ಇನ್ನೊಮ್ಮೆ ಓದಿಕೊಂಡರು. ಆಮೇಲೆ ಪುಸ್ತಕ ಬಿಡಿಸಿ, ಗೆದ್ದಲು ತಿಂದ ಪುಟದ ಎದುರಿಗೆ ಒಂದು ಬಿಳಿ ಹಾಳೆ ಇಟ್ಟು ಅವಳ ಕಡೆಗೆ ಚಾಚಿದರು.

"ಇದಕ್ಕೂ ಬರೆದುಕೊಡವ್ವ. ಪುಸ್ತಕ ಪೂರ್ತಿ ಆಗಲಿ."

ಗುರುಬಸಮ್ಮ ಅಲ್ಲೇ ಕೂತು ಮಾದಸ್ವಾಮಿಯ ಹಾಳೆ ನೋಡಿಕೊಂಡು ಬರೆಯತೊಡಗಿದಳು. ಅರ್ಧಕ್ಕೆ ಬಂದಾಗ, 'ಅನ್ನ' ಎನ್ನುವುದಕ್ಕಿಂತ 'ತುತ್ತು' ಚೆನ್ನವೇನೋ ಎನಿಸಿ ಕೈ ನಿಂತಿತು. ನೋಡಿಕೊಳ್ಳುತ್ತಿದ್ದ ಹಾಳೆಯಲ್ಲಿ 'ಅನ್ನ' ಎಂದೇ ಇತ್ತು. ತನ್ನಷ್ಟಕ್ಕೆ ನಕ್ಕು, ಇದ್ದಂತೆಯೇ ಇಳಿಸಿದಳು.