ಅಕ್ಕನ ಮಡಕೆಯ ಚೊಗರು

ನಮ್ಮ ಮೈಯಲ್ಲಿ ಸಹಜವಾಗಿ ಹುಟ್ಟುವ ಒಂದು ಆಮ್ಲದ ನೀರು ಲ್ಯಾಬಿನ ಎರಡು ಗಾಜಿನ ನಳಿಕೆಗಳಲ್ಲಿತ್ತು. ಅದನ್ನು ಒಡೆಯುವ ಕಿಣ್ವವನ್ನು ಒಂದಕ್ಕೆ ಮಾತ್ರ ಹಾಕಿದ್ದೆ. ಕಿಣ್ವ ಮನುಷ್ಯನದು, ಆದರೆ ಅದನ್ನು ತಯಾರಿಸಿದ್ದು ಮನುಷ್ಯನ ಜೀನ್ ಸೇರಿಸಿ ಬೆಳೆಸಿದ ಬ್ಯಾಕ್ಟೀರಿಯಾ. ಊಟ ಮುಗಿಸಿ ಬಂದಾಗ ಕಿಣ್ವವಿಲ್ಲದ ಇನ್ನೊಂದು ನಳಿಕೆ ಗಾಳಿಗೆ ಕಪ್ಪಾಗಿತ್ತು. ಆಗಬೇಕಾದದ್ದೇ. ಆದರೂ ಅದನ್ನು ಬೆಳಕಿಗೆ ಹಿಡಿದು ನೋಡುತ್ತಲೇ ನಿಂತೆ. ಆ ಬಣ್ಣವನ್ನು ನಾನು ಮೊದಲು ಕಂಡದ್ದು ಹೊಸನಗರದಲ್ಲಿ, ಪಕ್ಕದ ಮನೆಯ ಅಕ್ಕ ಬಟ್ಟೆ ಒಣಹಾಕುತ್ತಿದ್ದ ತಂತಿಯ ಮೇಲೆ.

ಲ್ಯಾಬು ಸೇರುವ ಎಷ್ಟೋ ಮೊದಲಿನ ಮಾತು; ಆಗ ನಾನು ಅಲ್ಲಿ ವಿಜ್ಞಾನದ ಹೊಸ ಮೇಷ್ಟ್ರು. ಅಕ್ಕನ ಮನೆಯ ಬಟ್ಟೆಗಳಲ್ಲಿ ಕಪ್ಪು ಕಲೆಗಳಿರುತ್ತಿದ್ದವು. ಸೋಪು ಹಾಕಿದಷ್ಟೂ ಗಾಢವಾಗುತ್ತಿದ್ದವು.

"ಚೊಗರು ಮಾರಾಯ್ರೆ. ಅಡಿಕೆ ಬೇಯ್ಸೋರ ಮನೇಲಿ ಬಿಳಿ ಬಟ್ಟೆ ಹುಡುಕ್ತೀರಲ್ಲ!" ಎಂದು ನಗುತ್ತಿದ್ದರು.

ಅಡಿಕೆ ಬೇಯಿಸಿದ ನೀರಿನ ಕಲೆ ಆ ಬೀದಿಯಲ್ಲಿ ಯಾರ ಬಟ್ಟೆಯಲ್ಲಿರಲಿಲ್ಲ? ಎಲ್ಲರೂ ನಂಬಿದ್ದರು. ಆದರೆ ಕೊಯ್ಲು ಮುಗಿದು ತಿಂಗಳುಗಳು ಕಳೆದರೂ ಅವರ ಹಿತ್ತಿಲ ಮಡಕೆಯಲ್ಲಿ ಚೊಗರು ಇರುತ್ತಿತ್ತು. ಒಂದು ಮಧ್ಯಾಹ್ನ ಅಕ್ಕ ಅದರಲ್ಲಿ ಬೆರಳದ್ದಿ, ಒಗೆದ ಬಟ್ಟೆಗೆ ಹಚ್ಚುತ್ತಿದ್ದರು... ಕಲೆಯ ಮೇಲೆ ಕಲೆ.

ನನ್ನನ್ನು ಕಂಡು ಅವರು ಬೆಚ್ಚಲಿಲ್ಲ. "ತೀರ್ಥಹಳ್ಳಿಯಿಂದ ಹುಡುಗಿ ನೋಡೋಕೆ ಬರ್ತಾರೆ ಮೇಷ್ಟ್ರೆ. ಮಗಳಿಗೂ ನನ್ನ ಹಾಗೇ, ಉಚ್ಚೆ ಕಪ್ಪಾಗ್ತದೆ. ಎಂತದೋ ಸೋಕಿದೆ ಅಂದ್ಬಿಟ್ರೆ ಯಾರು ಮಾಡ್ಕೋತಾರೆ?"

"ಸೋಕಿದ್ದಲ್ಲ ಅಕ್ಕ. ಮೈಯಲ್ಲಿ ಒಂದು ಆಮ್ಲವನ್ನ ಒಡೆಯೋ ಕಿಣ್ವ ಇಲ್ಲ, ಅಷ್ಟೆ."

"ಇಲ್ದೇ ಇರೋದು ಕಪ್ಪಾಗ್ತದಾ? ಒಳ್ಳೆ ಓದಿದ್ರಿ!"

ನಗುತ್ತಾ ಆಚೆ ತಿರುಗಿದರು. ಅವರ ಕಿವಿಯ ಅಂಚು ನೇರಳೆ ಹಣ್ಣಿನ ಬಣ್ಣಕ್ಕಿತ್ತು. ಇತ್ತೇ? ಅಥವಾ ಈ ಕಾಯಿಲೆಯ ಬಗ್ಗೆ ಪುಸ್ತಕದಲ್ಲಿ ಕಂಡ ಯಾರದೋ ಕಪ್ಪಾದ ಕಿವಿಯನ್ನು ನಾನೇ ಅವರಿಗೆ ಅಂಟಿಸಿದೆನೇ...

ಆ ಅನುಮಾನ ಬಿಡಲಿಲ್ಲ. ಹೋದ ಭಾನುವಾರ ಅಕ್ಕನ ಮಗಳ ಮನೆ ಹುಡುಕಿಕೊಂಡು ತೀರ್ಥಹಳ್ಳಿಗೆ ಹೋದೆ. ಅಕ್ಕ ತೀರಿಕೊಂಡು ವರ್ಷಗಳಾಗಿದ್ದವು. ನನಗೆ ಸುದ್ದಿಯೇ ಇರಲಿಲ್ಲ. ಲ್ಯಾಬಿನ ಕೆಲಸವನ್ನೆಲ್ಲ ವಿವರಿಸಿ, ಅಕ್ಕನ ಬಟ್ಟೆಗಳಲ್ಲಿ ಕಲೆಗಳಿರುತ್ತಿದ್ದವಲ್ಲವೇ ಎಂದು ಕೇಳಿದೆ. ಅವಳ ಅತ್ತೆ ಪಕ್ಕದಲ್ಲೇ ಕೂತಿದ್ದರು.

"ಅದು ಚೊಗರಲ್ವಾ ಸಾರ್, ಮತ್ತೆಂತ?" ಎಂದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹಾಗಾದರೆ ಆ ಮಧ್ಯಾಹ್ನ ನಾನು ಕಂಡದ್ದೇನು? ಕಂಡಿದ್ದೆನೇ?

ಕಳಿಸಿಕೊಡಲು ಗೇಟಿನವರೆಗೆ ಬಂದವಳು ಮನೆಯತ್ತ ಒಮ್ಮೆ ತಿರುಗಿ ನೋಡಿದಳು. ಆಮೇಲೆ ತುಟಿ ಮಾತ್ರ ಅಲುಗಿಸಿದಂತೆ, "ಸಾರ್, ಆ ಕಿಣ್ವ... ಮನುಷ್ಯರದ್ದೇ ಅಲ್ವಾ? ಒಂಚೂರು ನಂಗೆ ಕೊಡೋಕಾಗ್ತದಾ?" ಎಂದಳು.

ಮನುಷ್ಯರದ್ದೇ. ಆದರೆ ಅದು ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡುವಂತಿಲ್ಲ. ಅದನ್ನೇ ಹೇಳಿದೆ.

ಅಕ್ಕ ಇದ್ದಿದ್ದರೆ ಈ ಮಾತಿಗೆ ಜೋರಾಗಿ ನಕ್ಕುಬಿಡುತ್ತಿದ್ದರು. ಮಗಳು ನಗಲಿಲ್ಲ. ಸದ್ದಾಗದಂತೆ ಗೇಟಿನ ಚಿಲಕ ಹಾಕಿಕೊಂಡಳು.